ನಿಜ ಕೂದಲಿನ ವಿಗ್ಗನ್ನು ಮನೆಯಲ್ಲಿ ತೊಳೆಯುವ ಕ್ರಮ: ಬೋರ್‌ವೆಲ್ ನೀರು, ಎಣ್ಣೆ, ಸೀಗೆಪುಡಿಯ ಬಗ್ಗೆ ತಿಳಿದವರು ಹೇಳಬೇಕು

ತುಂಗಾತೀರ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಗೆ ಕೀಮೋಥೆರಪಿ ನಡೆಯುತ್ತಿದ್ದು, ಮೊದಲ ಸುತ್ತು ಮುಗಿದ ಎರಡು ಮೂರು ವಾರಗಳಲ್ಲೇ ಕೂದಲು ಉದುರಿದ್ದರಿಂದ ಅವರಿಗಾಗಿ ನಿಜ ಕೂದಲಿನ ವಿಗ್ ಒಂದನ್ನು ಕೊಂಡಿದ್ದೇವೆ. ಭುಜದವರೆಗೆ ಬರುವ ನೇರ ಕೂದಲು. ಹಣೆಯ ಅಂಚಿನಲ್ಲಿ ತೆಳುವಾದ ಲೇಸ್ (ಬಲೆಯಂಥ ಬಟ್ಟೆ) ಇದೆ; ನೆತ್ತಿಯ ಭಾಗದಲ್ಲಿ ಕೂದಲನ್ನು ಕೈಯಿಂದ ಗಂಟು ಹಾಕಿದ್ದಾರೆ, ಹಿಂಭಾಗವನ್ನು ಯಂತ್ರದಲ್ಲಿ ಹೊಲಿದ ಪಟ್ಟಿಗಳಿಂದ ಮಾಡಿದ್ದಾರೆ. ಅಮ್ಮ ಇದನ್ನು ಆಸ್ಪತ್ರೆಗೆ ಹೊರಡುವಾಗಲೂ ಮನೆಗೆ ನೆಂಟರು ಬಂದಾಗಲೂ ಹಾಕಿಕೊಳ್ಳುತ್ತಾರೆ.

ಕೊಂಡಾಗ ಇದ್ದ ಹೊಳಪು ಈಗ ಇಲ್ಲ. ಹೆಕ್ಕತ್ತಿನ ಬಳಿ ಕೂದಲು ಸಿಕ್ಕುಗಟ್ಟುತ್ತಿದೆ. ಹಣೆಯ ಅಂಚಿನಲ್ಲಿ ಬೆವರೂ ಕುಂಕುಮವೂ ಸೇರಿ ಲೇಸ್ ಅಂಟಂಟಾಗಿದೆ. ಇನ್ನೂ ಒಮ್ಮೆಯೂ ತೊಳೆದಿಲ್ಲ. ಅಂಗಡಿಯವರು ವಾರಕ್ಕೊಮ್ಮೆ ಶಾಂಪೂ ಹಾಕಬೇಕೆಂದರು. ಪರಿಚಯದ ಪಾರ್ಲರಿನವರು ತಿಂಗಳಿಗೊಮ್ಮೆ ಸಾಕು, ಅದನ್ನೂ ನಮ್ಮಲ್ಲಿಗೇ ತನ್ನಿ ಎಂದರು. ನಿಜ ಕೂದಲೇ ಆದ್ದರಿಂದ ಎಣ್ಣೆ ಹಚ್ಚಿ ಸೀಗೆಪುಡಿಯಲ್ಲಿ ತೊಳೆದರಾಯಿತು ಎಂಬುದು ನಮ್ಮ ದೊಡ್ಡಮ್ಮನ ಅಭಿಪ್ರಾಯ. ನಮ್ಮ ಅಪಾರ್ಟ್‌ಮೆಂಟಿಗೆ ಬರುವುದು ಬೋರ್‌ವೆಲ್ ನೀರು, ನಲ್ಲಿಯ ಬಾಯಲ್ಲೆಲ್ಲ ಬಿಳಿ ಉಪ್ಪು ಕಟ್ಟಿದೆ. ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು, ಯಾವ ನೀರು, ಯಾವ ಸಾಬೂನು, ಹೇಗೆ ಒಣಗಿಸಬೇಕು ಎಂಬುದನ್ನು ಬಳಸಿ ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಿ. ಈ ವಿಗ್ ಹಾಕಿಕೊಂಡ ದಿನ ಅಮ್ಮ ತಾವಾಗಿಯೇ ಹೊರಗೆ ಹೊರಡುತ್ತಾರೆ. ಆದ್ದರಿಂದ ಇದು ಕೆಡಬಾರದು.

ಹೊಸಚಿಗುರು (ಮೈಸೂರು)

ತುಂಗಾತೀರ ಅವರೇ, ನನಗೆ ಅಲೋಪೇಶಿಯ ಏರಿಯೇಟಾ (ಕೂದಲು ಅಲ್ಲಲ್ಲಿ ತೇಪೆಯಂತೆ ಉದುರುವ ತೊಂದರೆ) ಇರುವುದರಿಂದ ಹಲವು ವರ್ಷಗಳಿಂದ ನಿತ್ಯ ವಿಗ್ ಧರಿಸುತ್ತೇನೆ. ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಕ್ಯಾಲೆಂಡರ್ ನೋಡಿ ನಿರ್ಧರಿಸಬೇಡಿ, ಎಷ್ಟು ಬಾರಿ ಧರಿಸಿದರು ಎಂಬುದನ್ನು ನೋಡಿ. ಸಾಮಾನ್ಯವಾಗಿ 10ರಿಂದ 15 ಬಾರಿ ಧರಿಸಿದ ಮೇಲೆ ಒಮ್ಮೆ ತೊಳೆದರೆ ಸಾಕು. ಬೇಸಿಗೆಯಲ್ಲಿ ಬೆವರು ಹೆಚ್ಚಾದರೆ ಇನ್ನಷ್ಟು ಬೇಗ ತೊಳೆಯಬೇಕಾಗುತ್ತದೆ. ನಮ್ಮ ತಲೆಯ ಮೇಲಿನ ಕೂದಲಿಗೆ ನೆತ್ತಿಯಿಂದ ಸದಾ ಜಿಡ್ಡು ಸಿಗುತ್ತಿರುತ್ತದೆ, ಉದುರಿದ ಜಾಗದಲ್ಲಿ ಹೊಸದು ಹುಟ್ಟುತ್ತದೆ. ವಿಗ್ಗಿನ ಕೂದಲಿಗೆ ಇವೆರಡೂ ಇಲ್ಲ. ಪ್ರತಿ ತೊಳೆತದಲ್ಲಿ ಅದು ಸ್ವಲ್ಪ ಕಳೆದುಕೊಳ್ಳುತ್ತದೆ, ಕಳೆದುಕೊಂಡದ್ದು ತಾನಾಗಿ ಮರಳಿ ಬರುವುದಿಲ್ಲ. ಹಾಗೆಂದು ತೊಳೆಯದೆ ಬಿಟ್ಟರೂ ಬೆವರಿನ ಉಪ್ಪು ಗಂಟುಗಳ ಬಳಿ ಕುಳಿತು ಲೇಸನ್ನು ಬಿರುಸಾಗಿಸುತ್ತದೆ. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಈಗ ತೊಳೆಯುವ ಸಮಯ ಬಂದಿದೆ.

ನೀರು ಸೋಕಿಸುವ ಮೊದಲೇ ಸಿಕ್ಕು ಪೂರ್ತಿ ಬಿಡಿಸಿಕೊಳ್ಳಬೇಕು. ಸಿಕ್ಕಿರುವ ಕೂದಲು ಒದ್ದೆಯಾದರೆ ಗಂಟು ಬಿಗಿಯುತ್ತದೆ, ಆಮೇಲೆ ಬಿಡಿಸಲು ಹೋದರೆ ಕೂದಲೇ ಕಿತ್ತುಬರುತ್ತದೆ. ಅಗಲ ಹಲ್ಲಿನ ಬಾಚಣಿಗೆ ತೆಗೆದುಕೊಂಡು ತುದಿಯ ಎರಡು ಮೂರು ಅಂಗುಲದಿಂದ ಶುರುಮಾಡಿ, ಅಲ್ಲಿ ಸರಾಗವಾದ ಮೇಲೆ ಸ್ವಲ್ಪ ಮೇಲಕ್ಕೆ, ಮತ್ತೂ ಮೇಲಕ್ಕೆ ಬನ್ನಿ. ಬಾಚುವಾಗ ಇನ್ನೊಂದು ಕೈಯಿಂದ ಆ ಕೂದಲಿನ ಕಂತೆಯನ್ನು ಬುಡದ ಬಳಿ ಹಿಡಿದುಕೊಳ್ಳಬೇಕು. ಆಗ ಎಳೆತವೆಲ್ಲ ನಿಮ್ಮ ಬೆರಳಿನ ಮೇಲೆ ಬೀಳುತ್ತದೆ, ಗಂಟಿನ ಮೇಲೆ ಬೀಳುವುದಿಲ್ಲ. ಹೆಕ್ಕತ್ತಿನ ಭಾಗ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಏಕೆಂದರೆ ರವಿಕೆಯ ಅಂಚು, ದುಪಟ್ಟಾ, ಕುರ್ಚಿಯ ಬೆನ್ನು ಎಲ್ಲವೂ ಅಲ್ಲಿಗೇ ಉಜ್ಜುತ್ತವೆ. ಅಲ್ಲಿ ಸ್ವಲ್ಪ ಕಂಡಿಷನರನ್ನು ನೀರಿನಲ್ಲಿ ತೆಳುಮಾಡಿ ಬೆರಳ ತುದಿಯಿಂದ ಸಿಕ್ಕಿಗೆ ಸವರಿ, ಬೆರಳಿನಿಂದಲೇ ಎಳೆ ಎಳೆಯಾಗಿ ಬಿಡಿಸಿ, ಆಮೇಲೆ ಬಾಚಣಿಗೆ ಹಚ್ಚಿ.

ತೊಳೆಯುವಾಗ ಸಲ್ಫೇಟ್ ಇಲ್ಲದ ಮೃದು ಶಾಂಪೂವನ್ನು ಒಂದು ಮಗ್ ನೀರಿನಲ್ಲಿ ಕದಡಿಕೊಳ್ಳಿ; ಶಾಂಪೂವನ್ನು ನೇರವಾಗಿ ವಿಗ್ಗಿನ ಮೇಲೆ ಸುರಿಯಬೇಡಿ. ನೀರು ತಣ್ಣಗೆ ಅಥವಾ ಉಗುರುಬೆಚ್ಚಗಿರಲಿ. ನಾವು ತಲೆಗೆ ಸ್ನಾನ ಮಾಡುವಾಗ ಕೂದಲನ್ನು ನೆತ್ತಿಯ ಮೇಲೆ ಗುಡ್ಡೆ ಹಾಕಿ ಉಜ್ಜುತ್ತೇವಲ್ಲ, ಅದನ್ನು ಇಲ್ಲಿ ಖಂಡಿತ ಮಾಡಬಾರದು. ಕೈ ಯಾವಾಗಲೂ ಮೇಲಿನಿಂದ ಕೆಳಕ್ಕೆ, ಬುಡದಿಂದ ತುದಿಗೆ ಜಾರಬೇಕು.

ಕೊಪ್ಪಳದಿಂದ (ಭಾಗ್ಯನಗರ, ಕೊಪ್ಪಳ)

ನಾನು ಕೂದಲಿನ ಕೆಲಸದಲ್ಲಿಯೇ ಇರುವವನು. ನಮ್ಮ ಭಾಗ್ಯನಗರದಲ್ಲಿ ಕೂದಲನ್ನು ಬಿಡಿಸಿ, ವಿಂಗಡಿಸಿ, ಉದ್ದಕ್ಕೆ ತಕ್ಕಂತೆ ಕಟ್ಟು ಕಟ್ಟುವ ಕೆಲಸ ಅನೇಕ ಮನೆಗಳ ಜೀವನೋಪಾಯ. ಹೊಸಚಿಗುರು ಅವರು ಹೇಳಿದ ‘ಮೇಲಿನಿಂದ ಕೆಳಕ್ಕೆ’ ಎಂಬ ಮಾತಿಗೆ ಕಾರಣ ತಿಳಿದರೆ ನೀವು ಅದನ್ನು ಎಂದೂ ಮರೆಯುವುದಿಲ್ಲ.

ಕೂದಲಿನ ಹೊರಮೈ ಮೇಲೆ ಅತಿ ಸಣ್ಣ ಪೊರೆಗಳು ಮನೆಯ ಹೆಂಚಿನಂತೆ ಒಂದರ ಮೇಲೊಂದು ಕುಳಿತಿರುತ್ತವೆ, ಅವುಗಳ ಬಾಯಿ ತುದಿಯ ಕಡೆಗೆ ಇರುತ್ತದೆ. ಒಂದು ಉದ್ದ ಕೂದಲನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು ಬುಡದಿಂದ ತುದಿಗೆ ಎಳೆದರೆ ನುಣ್ಣಗೆ ಜಾರುತ್ತದೆ, ತುದಿಯಿಂದ ಬುಡಕ್ಕೆ ಎಳೆದರೆ ಸಣ್ಣದಾಗಿ ತಡೆಯುತ್ತದೆ. ನಾವು ಕೈಯಿಂದಲೇ ಈ ವ್ಯತ್ಯಾಸವನ್ನು ಗುರುತಿಸುತ್ತೇವೆ. ತಿರುಪತಿಯಂಥ ಕ್ಷೇತ್ರಗಳಲ್ಲಿ ಮುಡಿ ಕೊಟ್ಟ ಕೂದಲು ಕಟ್ಟು ಕಟ್ಟಾಗಿ ಒಂದೇ ದಿಕ್ಕಿನಲ್ಲಿ ಸಿಗುತ್ತದೆ. ಇಂಥದ್ದನ್ನು ದಿಕ್ಕು ತಪ್ಪದಂತೆ ಸಂಸ್ಕರಿಸಿದಾಗ ರೆಮಿ ಕೂದಲು ಎನ್ನುತ್ತಾರೆ. ಮನೆಮನೆಯಲ್ಲಿ ಬಾಚಿದಾಗ ಉದುರಿದ ಕೂದಲನ್ನು ಪಿನ್ನು, ಪಾತ್ರೆ ಕೊಟ್ಟು ಸಂಗ್ರಹಿಸುವುದೂ ಉಂಟು. ಅದರಲ್ಲಿ ಬುಡ ತುದಿ ಎಲ್ಲ ಬೆರೆತಿರುತ್ತದೆ. ಹೀಗೆ ಬೆರೆತ ಕೂದಲು ಸಿಕ್ಕಾಗಬಾರದೆಂದು ಕೆಲವು ಕಾರ್ಖಾನೆಗಳಲ್ಲಿ ಆಮ್ಲದಲ್ಲಿ ಅದ್ದಿ ಪೊರೆಯನ್ನೇ ತೆಗೆದು, ಮೇಲೆ ಸಿಲಿಕೋನ್ ಲೇಪ ಕೊಡುತ್ತಾರೆ. ಅಂಗಡಿಯಲ್ಲಿ ಅದು ರೇಷ್ಮೆಯಷ್ಟು ಹೊಳೆಯುತ್ತದೆ, ಆದರೆ ಕೆಲವು ಬಾರಿ ತೊಳೆದೊಡನೆ ಲೇಪ ಹೋಗಿ ಕೂದಲು ಒಣಗಿ ಸಿಕ್ಕುಗಟ್ಟುತ್ತದೆ. ಅದಕ್ಕೆ ತೊಳೆದವರನ್ನು ದೂರುವುದು ಅನ್ಯಾಯ.

ನಿಮ್ಮದು ನಿಜ ಕೂದಲೇ ಹೌದೋ, ನೈಲಾನ್ ಬೆರಕೆ ಇದೆಯೋ ಎಂದು ಮೊದಲು ನೋಡಿಕೊಳ್ಳಿ. ಒಳಭಾಗದ ಬೇರೆ ಬೇರೆ ಕಡೆಯಿಂದ ಕೆಲವು ಎಳೆಗಳನ್ನು ಕತ್ತರಿಸಿ, ಸ್ಟೀಲ್ ತಟ್ಟೆಯ ಮೇಲಿಟ್ಟು ಬೆಂಕಿಕಡ್ಡಿ ತಾಗಿಸಿ. ನಿಜ ಕೂದಲು ಸುಟ್ಟ ಕೂದಲಿನ ವಾಸನೆ ಕೊಟ್ಟು, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಬೂದಿಯಾಗುತ್ತದೆ. ಕೃತಕ ಎಳೆ ಕರಗಿ ಗಟ್ಟಿ ಮಣಿಯಂತೆ ಉಳಿಯುತ್ತದೆ. ಬೆರಕೆ ಇದ್ದರೆ ಬಿಸಿ ಡ್ರೈಯರನ್ನು ಹತ್ತಿರ ತರಬಾರದು.

ಇನ್ನೊಂದು ವಿಷಯ. ಕೂದಲು ತಿಂಗಳಿಗೆ ಸರಿಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ನಿಮ್ಮ ವಿಗ್ಗಿನ ಕೂದಲು 35 ಸೆಂಟಿಮೀಟರ್ ಇದೆ ಎಂದುಕೊಂಡರೆ, ಅದರ ತುದಿ ಮುಡಿ ಕೊಟ್ಟ ದಿನಕ್ಕೇ ಮೂರು ವರ್ಷದಷ್ಟು ಹಳೆಯದಾಗಿರುತ್ತದೆ, ಅಷ್ಟು ಬಿಸಿಲು, ನೀರು, ಬಾಚಣಿಗೆಗಳನ್ನು ಕಂಡಿರುತ್ತದೆ. ಅದಾದ ಮೇಲೆ ಬಣ್ಣದ ಸಂಸ್ಕರಣೆ ಬೇರೆ. ಕಂಡಿಷನರ್ ತುದಿಗೆ ಬೇಕು, ಬುಡಕ್ಕೆ ಬೇಡ ಎನ್ನುವುದು ಇದಕ್ಕಾಗಿ.

ನೀರಿನಗುಣ (ತುಮಕೂರು)

ನಾನು ರಸಾಯನಶಾಸ್ತ್ರ ಬೋಧಿಸುವವಳು, ಆದ್ದರಿಂದ ನೀರಿನ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ನಲ್ಲಿಯ ಬಾಯಲ್ಲಿ ಕಟ್ಟಿರುವ ಬಿಳಿ ಪುಡಿ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಲವಣಗಳದ್ದು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನದ ಸ್ವೀಕಾರಾರ್ಹ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರಿನ ಮೂಲವಿಲ್ಲದಿದ್ದರೆ 600ರವರೆಗೆ ಅನುಮತಿ. ನಮ್ಮ ಭಾಗದ ಎಷ್ಟೋ ಆಳದ ಬೋರ್‌ವೆಲ್‌ಗಳ ನೀರು ಕೆಳಗಿನ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಇದೇ ಲವಣ ಕೂದಲಿನ ಮೇಲೂ ಕೂರುತ್ತದೆ. ತಲೆಯ ಕೂದಲಾದರೆ ಜಿಡ್ಡು ಸ್ವಲ್ಪ ಅಡ್ಡಬರುತ್ತದೆ. ವಿಗ್ಗಿನ ಬರಿಯ ಕೂದಲು ತೊಳೆದಷ್ಟೂ ಮಂಕಾಗಿ ಒರಟಾಗುತ್ತದೆ. ಸಾಬೂನು ಬಳಸಿದರಂತೂ ಗಡಸು ನೀರಿನಲ್ಲಿ ಅದು ಕರಗದ ಜಿಡ್ಡಾಗಿ ಅಂಟಿಕೊಳ್ಳುತ್ತದೆ, ಮತ್ತು ಸಾಬೂನಿನ ಕ್ಷಾರ ಕೂದಲಿನ ಪೊರೆಗಳನ್ನು ಎಬ್ಬಿಸುತ್ತದೆ. ಆದ್ದರಿಂದ ಸಾಬೂನೂ ಬೇಡ, ಅಡುಗೆ ಸೋಡವೂ ಬೇಡ.

ನೀರನ್ನು ಕುದಿಸಿ ಆರಿಸಿದರೆ ತಾತ್ಕಾಲಿಕ ಗಡಸುತನ (ಬೈಕಾರ್ಬೊನೇಟ್ ರೂಪದ್ದು) ಮಾತ್ರ ಹೋಗುತ್ತದೆ, ಸಲ್ಫೇಟ್ ಮತ್ತು ಕ್ಲೋರೈಡ್ ರೂಪದ್ದು ಉಳಿಯುತ್ತದೆ. ಷವರಿಗೆ ಸಿಕ್ಕಿಸುವ ಸಣ್ಣ ಫಿಲ್ಟರುಗಳಲ್ಲಿ ಬಹುತೇಕವು ಗಡಸುತನವನ್ನು ತೆಗೆಯುವುದಿಲ್ಲ. ಒಂದು ವಿಗ್ ತೊಳೆಯಲು ಒಂದು ಸಣ್ಣ ಬಕೆಟ್ ನೀರು ಸಾಕಾಗುವುದರಿಂದ, ಮನೆಯ ಆರ್‌ಒ ಯಂತ್ರದ ಕುಡಿಯುವ ನೀರನ್ನೇ ಮುಂಚಿತವಾಗಿ ಹಿಡಿದಿಟ್ಟುಕೊಳ್ಳುವುದು ಸುಲಭವಾದ ದಾರಿ. ಮನೆಗಳಲ್ಲಿ ಆರ್‌ಒ ಯಂತ್ರದಿಂದ ಹೊರಬೀಳುವ ವ್ಯರ್ಥ ನೀರನ್ನು ನೆಲ ಒರೆಸಲು, ಬಟ್ಟೆ ಒಗೆಯಲು ಎತ್ತಿಡುವ ರೂಢಿಯಿದೆ. ಅದರಲ್ಲಿ ಲವಣ ಮೊದಲಿಗಿಂತ ಹೆಚ್ಚಾಗಿರುವುದರಿಂದ ವಿಗ್ಗಿಗೆ ಅದನ್ನು ಮುಟ್ಟಿಸಬೇಡಿ. ಕಾವೇರಿ ನೀರು ಬರುವ ಬಂಧುಗಳ ಮನೆ ಹತ್ತಿರದಲ್ಲಿದ್ದರೆ ಅಲ್ಲಿಂದ ತರಬಹುದು, ಸ್ವಚ್ಛವಾಗಿ ಹಿಡಿದ ಮಳೆನೀರೂ ಉತ್ತಮ.

ಈಗಾಗಲೇ ಲವಣ ಕುಳಿತು ಮಂಕಾದ ಕೂದಲಿಗೆ ಕೊನೆಯ ಜಾಲಾಟದ ಮೊದಲು ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಬಿಳಿ ವಿನೆಗರ್ ಬೆರೆಸಿ ಕೂದಲಿನ ಉದ್ದಕ್ಕೂ ಹನಿಸಿ, ಒಂದೆರಡು ನಿಮಿಷ ಬಿಟ್ಟು ಬರಿಯ ನೀರಿನಿಂದ ಜಾಲಿಸಿ. ಸೌಮ್ಯ ಆಮ್ಲ ಲವಣವನ್ನು ಕರಗಿಸುತ್ತದೆ, ಪೊರೆಗಳೂ ಮತ್ತೆ ಮಟ್ಟಸವಾಗಿ ಕೂರುತ್ತವೆ. ಪ್ರತಿ ಸಲ ಇದರ ಅಗತ್ಯವಿಲ್ಲ.

ಹಿತ್ತಲಗಿಡ (ಸಾಗರ)

ಎಲ್ಲರೂ ಶಾಂಪೂವನ್ನೇ ಹೇಳುತ್ತಿದ್ದೀರಿ. ಸೀಗೆಯನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬಾರದು ಎಂಬುದು ನನ್ನ ಮನವಿ. ಸೀಗೆಯ ಕಷಾಯ ಸ್ವಭಾವತಃ ಸ್ವಲ್ಪ ಆಮ್ಲೀಯ, ನೊರೆ ಕಡಿಮೆ, ಕೂದಲಿನ ಜಿಡ್ಡನ್ನು ಪೂರ್ತಿ ಎಳೆದುಹಾಕುವುದಿಲ್ಲ. ನೀರಿನಗುಣ ಮೇಡಂ ಹೇಳಿದ ತತ್ವಕ್ಕೆ ಇದು ಸಾಬೂನಿಗಿಂತ ಹತ್ತಿರವಾಗಿದೆ. ಕೊಬ್ಬರಿ ಎಣ್ಣೆ ಕೂದಲಿನ ಒಳಕ್ಕೆ ಇಳಿದು, ತೊಳೆಯುವಾಗ ಆಗುವ ಪ್ರೋಟೀನ್ ನಷ್ಟವನ್ನು ಕಡಿಮೆ ಮಾಡುತ್ತದೆ ಎಂಬುದು ಪ್ರಯೋಗಾಲಯದಲ್ಲಿಯೂ ಕಂಡುಬಂದ ಸಂಗತಿ. ಹಾಗಿರುವಾಗ ದೊಡ್ಡಮ್ಮನವರ ಮಾತು ಏಕೆ ತಪ್ಪಾಗಬೇಕು?

ಹೊಸಚಿಗುರು (ಮೈಸೂರು)

ಹಿತ್ತಲಗಿಡ ಅವರ ವಾದದಲ್ಲಿ ಕೂದಲಿನ ಮಟ್ಟಿಗೆ ತಪ್ಪಿಲ್ಲ. ತೊಂದರೆ ಇರುವುದು ಬುಡದಲ್ಲಿ. ವಿಗ್ಗಿನಲ್ಲಿ ಕೂದಲಿಗಿಂತ ಸೂಕ್ಷ್ಮವಾದದ್ದು ಕೂದಲನ್ನು ಹಿಡಿದಿರುವ ಬಲೆ ಮತ್ತು ಗಂಟು. ಸೀಗೆಪುಡಿಯ ಸಣ್ಣ ಕಣಗಳು ಲೇಸಿನ ಕಣ್ಣುಗಳಲ್ಲಿಯೂ ಗಂಟುಗಳ ನಡುವೆಯೂ ಸಿಕ್ಕಿಕೊಳ್ಳುತ್ತವೆ; ತಲೆಯಿಂದ ಅವನ್ನು ಉದುರಿಸುವಂತೆ ಕೈಯಾಡಿಸಿ ಉದುರಿಸಲು ಬರುವುದಿಲ್ಲ, ಒಣಗಿದ ಮೇಲೆ ಅವು ಹಣೆಗೆ ಚುಚ್ಚುತ್ತವೆ. ಕೀಮೋ ಪಡೆಯುತ್ತಿರುವವರ ನೆತ್ತಿಗೆ ಅಷ್ಟೂ ತಡೆಯದು. ಬಳಸಲೇಬೇಕೆಂದರೆ ಪುಡಿಯನ್ನು ರಾತ್ರಿ ನೆನೆಸಿ, ತೆಳು ಬಟ್ಟೆಯಲ್ಲಿ ಎರಡು ಬಾರಿ ಸೋಸಿ, ತಿಳಿಯನ್ನು ಮಾತ್ರ ಕೂದಲಿನ ಉದ್ದಕ್ಕೆ ಹಾಕಿ. ಲೇಸಿಗೆ ತಾಗಿದರೆ ಕಂದು ಕಲೆ ಹಿಡಿಯುವ ಸಾಧ್ಯತೆ ಇದೆ.

ಎಣ್ಣೆಯ ವಿಷಯದಲ್ಲಿಯೂ ನನ್ನ ಉತ್ತರ ಇದೇ. ತೊಳೆಯುವ ಮೊದಲು ಅಂಗೈಯಲ್ಲಿ ಕೆಲವೇ ಹನಿ ಕೊಬ್ಬರಿ ಎಣ್ಣೆ ಸವರಿಕೊಂಡು ಕೂದಲಿನ ಕೆಳಗಿನ ಅರ್ಧಕ್ಕೆ ಮಾತ್ರ ಹಚ್ಚಬಹುದು. ಎಣ್ಣೆಯಾಗಲಿ ಕಂಡಿಷನರಾಗಲಿ ಬುಡಕ್ಕೆ ಇಳಿದರೆ ಗಂಟು ಜಾರಿ ಸಡಿಲವಾಗುತ್ತದೆ, ಕೂದಲು ಒಂದೊಂದಾಗಿ ಕಳಚಿಕೊಳ್ಳುತ್ತದೆ. ಎಣ್ಣೆ ಹೆಚ್ಚಾದರೆ ಅದನ್ನು ತೆಗೆಯಲು ಕಟುವಾದ ಶಾಂಪೂ ಬೇಕಾಗುತ್ತದೆ, ಅಲ್ಲಿಗೆ ಎಣ್ಣೆಯಿಂದ ಬಂದ ಲಾಭವೂ ಹೋಗುತ್ತದೆ. ಮದರಂಗಿಯನ್ನು ಮಾತ್ರ ಯಾವ ಕಾರಣಕ್ಕೂ ಹಚ್ಚಬೇಡಿ.

ರಂಗಪರದೆ (ಧಾರವಾಡ)

ನಾಟಕದ ಮೇಕಪ್ ಕೆಲಸ ಮಾಡುತ್ತೇನೆ. ಹಣೆಯ ಅಂಚಿನ ಕುಂಕುಮದ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಅದನ್ನು ಒದ್ದೆ ಮಾಡುವ ಮೊದಲು ಮಗುವಿನ ಹಲ್ಲುಜ್ಜುವಂಥ ಮೃದು ಬ್ರಷ್ಷಿನಿಂದ, ಒಣಗಿರುವಾಗಲೇ, ಲೇಸಿನ ಒಳಬದಿಯಿಂದ ಹೊರಕ್ಕೆ ಮೆಲ್ಲಗೆ ಉದುರಿಸಿ. ಅರಿಶಿನದಿಂದ ಮಾಡಿದ ಕುಂಕುಮಕ್ಕೆ ಸಾಬೂನಿನ ಕ್ಷಾರ ತಾಗಿದರೆ ಕೆಂಪು ಇನ್ನೂ ಗಾಢವಾಗುತ್ತದೆ. ಉದುರಿಸಿದ ಮೇಲೆ ಉಳಿದ ಕಲೆಗೆ ತೆಳುಮಾಡಿದ ಶಾಂಪೂವಿನಲ್ಲಿ ಅದ್ದಿದ ಹತ್ತಿಯನ್ನು ಒತ್ತಿ ಒತ್ತಿ ತೆಗೆಯಿರಿ. ಉಜ್ಜಿದರೆ ಲೇಸಿನ ಅಂಚು ನೂಲುನೂಲಾಗುತ್ತದೆ. ಮುಂದೆ ಕುಂಕುಮವನ್ನು ಲೇಸಿನಿಂದ ಕೆಳಗೆ, ಚರ್ಮದ ಮೇಲೆ ಇಡಿ. ಬೈತಲೆಗೆ ಇಡಲೇಬೇಕೆನ್ನುವವರು ದ್ರವ ಕುಂಕುಮವನ್ನಂತೂ ಬಳಸಬಾರದು.

ಟೇಪ್ ಅಥವಾ ಅಂಟು ಬಳಸಿದ್ದರೆ, ಅದರ ಉಳಿಕೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒಳಬದಿಯಲ್ಲಿ ಮಾತ್ರ ತೇವಮಾಡಿ, ಮೆತ್ತಗಾದ ಮೇಲೆ ಬೆರಳಿನಿಂದ ಉರುಳಿಸಿ ತೆಗೆಯಬೇಕು. ಒಲೆಯ ಹತ್ತಿರ ಈ ಕೆಲಸ ಬೇಡ, ಅದು ಬೇಗ ಬೆಂಕಿ ಹಿಡಿಯುತ್ತದೆ.

ತಾಯಿಯವರು ಹೂ ಮುಡಿಯುವವರಾದರೆ ಮಲ್ಲಿಗೆಯನ್ನು ಹಿಂಭಾಗದ ಹೊಲಿದ ಪಟ್ಟಿಗೆ ಸಿಕ್ಕಿಸಬಹುದು. ನೆತ್ತಿಯ ಬಲೆಗೆ ಹೇರ್‌ಪಿನ್ ಚುಚ್ಚಿದರೆ ಆದ ತೂತು ಭಾರಕ್ಕೆ ಹಿಗ್ಗುತ್ತ ಹೋಗುತ್ತದೆ. ಹೂವನ್ನು ರಾತ್ರಿ ತೆಗೆದುಬಿಡಿ. ಒದ್ದೆ ನಾರು ಕೂದಲಿನಲ್ಲಿ ಉಳಿದರೆ ವಾಸನೆ ಹಿಡಿಯುತ್ತದೆ.

ಆರೈಕೆ (ಹುಬ್ಬಳ್ಳಿ)

ನಾನು ಕ್ಯಾನ್ಸರ್ ವಾರ್ಡಿನಲ್ಲಿ ನರ್ಸ್ ಆಗಿ ಕೆಲಸ ಮಾಡಿದ್ದೇನೆ, ಆದ್ದರಿಂದ ವಿಗ್ಗಿಗಿಂತ ಅದರ ಕೆಳಗಿರುವ ತಲೆಯ ಬಗ್ಗೆ ಎರಡು ಮಾತು. ಕೀಮೋ ಸಮಯದಲ್ಲಿ ನೆತ್ತಿ ಬಹಳ ನವುರಾಗಿರುತ್ತದೆ, ಸೋಂಕು ತಡೆಯುವ ಶಕ್ತಿಯೂ ಕುಗ್ಗಿರುತ್ತದೆ. ವಿಗ್ಗಿನ ಕೆಳಗೆ ತೆಳುವಾದ ಹತ್ತಿಯ ಟೋಪಿ ಹಾಕಿಸಿ, ಅದನ್ನು ದಿನವೂ ಒಗೆಯಿರಿ. ಬೆವರನ್ನು ಟೋಪಿ ಹೀರುವುದರಿಂದ ವಿಗ್ ತೊಳೆಯಬೇಕಾದ ಅಂತರವೂ ಹೆಚ್ಚುತ್ತದೆ. ಈ ಅವಧಿಯಲ್ಲಿ ಅಂಟು, ಟೇಪ್ ಬೇಡವೇ ಬೇಡ. ವಿಗ್ಗಿನ ಒಳಗೆ ಹಿಂದುಗಡೆ ಇರುವ, ಅಳತೆ ಹೊಂದಿಸುವ ಪಟ್ಟಿಗಳನ್ನು ಬಿಗಿಮಾಡಿಕೊಂಡರೆ ಸಾಕು. ಕೀಮೋದಲ್ಲಿರುವ ಅನೇಕರಿಗೆ ಗಾಢ ಪರಿಮಳದಿಂದ ವಾಕರಿಕೆ ಬರುತ್ತದೆ, ಆದ್ದರಿಂದ ಶಾಂಪೂ, ಸೀರಮ್ ಎರಡನ್ನೂ ಪರಿಮಳ ಕಡಿಮೆ ಇರುವುದನ್ನೇ ಆರಿಸಿ. ಪೂರ್ತಿ ಒಣಗದ ವಿಗ್ಗನ್ನು ಅವಸರಕ್ಕೆ ಹಾಕಿಸಬೇಡಿ. ನೆತ್ತಿಯಲ್ಲಿ ಗುಳ್ಳೆ, ಹುಣ್ಣು, ಕೆಂಪು ಕಂಡರೆ ವಿಗ್ ಬದಿಗಿಟ್ಟು ಅವರ ವೈದ್ಯರಿಗೆ ತೋರಿಸಿ.

ಕಡಲತಡಿ (ಉಡುಪಿ)

ಒಣಗಿಸುವ ವಿಷಯದಲ್ಲಿ ಕರಾವಳಿಯವರಾದ ನಮಗೆ ಅನುಭವ ಹೆಚ್ಚು, ಏಕೆಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಏನೂ ಸುಲಭವಾಗಿ ಒಣಗುವುದಿಲ್ಲ. ವಿಗ್ಗನ್ನು ಹಿಂಡಬಾರದು. ಹತ್ತಿಯ ಟವೆಲ್ ಹಾಸಿ, ಅದರ ಮೇಲೆ ವಿಗ್ಗನ್ನು ಉದ್ದಕ್ಕೆ ಮಲಗಿಸಿ, ಇನ್ನೊಂದು ಟವೆಲ್ ಹೊದಿಸಿ ಅಂಗೈಯಿಂದ ಒತ್ತಿದರೆ ನೀರು ಹೀರಿಕೊಳ್ಳುತ್ತದೆ. ಟವೆಲ್ ಬದಲಿಸಿ ಮತ್ತೊಮ್ಮೆ ಒತ್ತಿ. ಆಮೇಲೆ ಗಾಳಿಯಾಡುವ ವಿಗ್ ಸ್ಟ್ಯಾಂಡಿನ ಮೇಲೆ ಇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಎತ್ತರದ ಕಿರಿದಾದ ಡಬ್ಬಿಯ ಮೇಲೆ ಇಡಬಹುದು. ತಲೆಗಿಂತ ದಪ್ಪನಾದ ಚೆಂಬಿನ ಮೇಲೆ ಇಟ್ಟರೆ ಒದ್ದೆ ಬಲೆ ಹಿಗ್ಗಿ, ಒಣಗಿದ ಮೇಲೆ ಸಡಿಲವಾಗುತ್ತದೆ. ಬಟ್ಟೆ ಒಣಗಿಸುವ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕುವುದನ್ನು ನೋಡಿದ್ದೇನೆ, ಒದ್ದೆ ಕೂದಲಿನ ಭಾರವೆಲ್ಲ ಆ ಒಂದೆರಡು ಕಡೆ ಬಿದ್ದು ಲೇಸ್ ಹರಿಯುತ್ತದೆ.

ನೇರ ಬಿಸಿಲು ಬೇಡ, ಬಣ್ಣ ಹಾಕಿದ ಕೂದಲು ಬಿಸಿಲಿಗೆ ಬೇಗ ಕೆಂಚಗಾಗುತ್ತದೆ. ಫ್ಯಾನಿನ ಗಾಳಿ ಸಾಕು. ಮಳೆಗಾಲದಲ್ಲಿ ನಾನು ಡ್ರೈಯರನ್ನು ತಣ್ಣನೆಯ ಗಾಳಿಗೆ ಇಟ್ಟು ಬುಡದ ಬಲೆಯನ್ನು ಮೊದಲು ಒಣಗಿಸುತ್ತೇನೆ. ಕೂದಲು ಮುಟ್ಟಲು ಒಣಗಿದಂತಿದ್ದರೂ ಒಳಗಿನ ಹೊಲಿಗೆಯಲ್ಲಿ ತೇವ ಉಳಿದಿರುತ್ತದೆ. ಆ ಹೊಲಿಗೆಯ ಸಾಲನ್ನು ಎರಡು ಬೆರಳಲ್ಲಿ ಹಿಡಿದು, ತಣ್ಣಗೆ ತಾಗದಿದ್ದರೆ ಮಾತ್ರ ಒಣಗಿದೆ ಎಂದು ತಿಳಿಯಿರಿ. ತೇವವಿರುವಾಗ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಬೂಷ್ಟು ಹಿಡಿದು, ಆ ಮುಗ್ಗಲು ವಾಸನೆ ಮತ್ತೆ ಹೋಗುವುದು ಕಷ್ಟ.

ದೂರದೇಶ (ಷಿಕಾಗೊ)

ಇಲ್ಲಿಯ ಸಮಸ್ಯೆ ಉಡುಪಿಗೆ ವಿರುದ್ಧವಾದದ್ದು. ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯೊಳಗೆ ಗಾಳಿ ಒಣಗಿ, ಸ್ವೆಟರ್ ತೆಗೆಯುವಾಗ ವಿಗ್ಗಿನ ಕೂದಲು ಸ್ಥಾಯಿ ವಿದ್ಯುತ್ತಿನಿಂದ ಎದ್ದು ನಿಲ್ಲುತ್ತದೆ, ಹೆಕ್ಕತ್ತಿನಲ್ಲಿ ಸಿಕ್ಕು ಹೆಚ್ಚುತ್ತದೆ. ಪ್ಲಾಸ್ಟಿಕ್ ಬಾಚಣಿಗೆಯ ಬದಲು ಮರದ್ದನ್ನು ಬಳಸುವುದರಿಂದ, ಕತ್ತಿನ ಸುತ್ತ ಉಣ್ಣೆಯ ಬದಲು ರೇಷ್ಮೆಯ ಸ್ಕಾರ್ಫ್ ಸುತ್ತಿಕೊಳ್ಳುವುದರಿಂದ, ಜಾಲಿಸದೆ ಬಿಡುವ ಕಂಡಿಷನರನ್ನು ತುದಿಗೆ ಸ್ವಲ್ಪ ಸಿಂಪಡಿಸುವುದರಿಂದ ನನಗೆ ಅನುಕೂಲವಾಗಿದೆ. ತಣ್ಣನೆಯ ದೇಶಗಳಲ್ಲಿರುವ ಕನ್ನಡಿಗರಿಗೆ ಉಪಯೋಗವಾಗಲೆಂದು ಬರೆದೆ.

ತುಂಗಾತೀರ (ಬೆಂಗಳೂರು)

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ವಿಗ್ ತೊಳೆದೆವು. ಅಮ್ಮನೇ ಕುರ್ಚಿ ಹಾಕಿಕೊಂಡು ಕುಳಿತು, ಹೆಕ್ಕತ್ತಿನ ಸಿಕ್ಕನ್ನು ಬೆರಳಿನಿಂದ ಬಿಡಿಸಿಕೊಟ್ಟರು. ನಾನು ಬಾಚಿದ್ದಕ್ಕಿಂತ ಅವರ ಕೈಯಲ್ಲಿ ಸುಲಭವಾಗಿ ಬಿಟ್ಟಿತು. ಸುಟ್ಟು ನೋಡಿದ ಎಳೆಗಳೆಲ್ಲ ಪುಡಿಯಾದ್ದರಿಂದ ಬೆರಕೆಯ ಅನುಮಾನ ಹೋಯಿತು. ಆರ್‌ಒ ನೀರಿನಲ್ಲಿ ಶಾಂಪೂ ಕದಡಿ, ವಿಗ್ಗನ್ನು ಸ್ಟ್ಯಾಂಡಿನ ಮೇಲಿಟ್ಟು ಮಗ್ಗಿನಿಂದ ನೆತ್ತಿಯಿಂದ ಕೆಳಗೆ ಹನಿಸಿದಾಗ ಮೊದಲು ಇಳಿದ ನೀರು ತೆಳು ಚಹಾದ ಬಣ್ಣದಲ್ಲಿತ್ತು, ಮೂರನೆಯ ಮಗ್ಗಿಗೆ ತಿಳಿಯಾಯಿತು. ವಿನೆಗರ್ ಜಾಲಾಟದ ಮೇಲೆ ಕೂದಲು ಬೆರಳಿಗೆ ನುಣ್ಣಗೆ ತಾಗಿತು. ಹೊಳಪು ಕೊಂಡ ದಿನದಷ್ಟು ಇಲ್ಲದಿದ್ದರೂ ಮಂಕು ಹೋಗಿದೆ. ಲೇಸಿನ ಕೆಂಪು ಬಹುಪಾಲು ಬಿಟ್ಟಿದೆ.

ಈಗ ಎರಡು ಅನುಮಾನಗಳಿವೆ. ಟವೆಲ್ಲಿನ ಮೇಲೆ ಕೆಲವು ಕೂದಲು ಉಳಿದಿದ್ದವು, ಇದು ಗಂಟು ಸಡಿಲವಾದದ್ದೋ ಅಥವಾ ಸಹಜವೋ? ತುದಿಯ ಬಣ್ಣ ಬುಡಕ್ಕಿಂತ ಸ್ವಲ್ಪ ಕೆಂಚಗೆ ಕಾಣುತ್ತಿದೆ, ಇದಕ್ಕೆ ಬಣ್ಣ ಹಾಕಬಹುದೇ?

ಕೊಪ್ಪಳದಿಂದ (ಭಾಗ್ಯನಗರ, ಕೊಪ್ಪಳ)

ಮೊದಲು ಇಳಿದ ನೀರಿನಲ್ಲಿ ಕೊಳೆಯ ಜೊತೆ ಹಾಕಿದ ಬಣ್ಣವೂ ಸ್ವಲ್ಪ ಇರುತ್ತದೆ, ಅದಕ್ಕೆ ಗಾಬರಿ ಬೇಡ.

ಉದುರಿದ ಕೂದಲನ್ನು ಬಿಳಿ ಕಾಗದದ ಮೇಲೆ ಇಟ್ಟು ನೋಡಿ. ಪೂರ್ತಿ ಉದ್ದದ ಕೂದಲಾಗಿದ್ದು ಒಂದು ತುದಿಯಲ್ಲಿ ಸಣ್ಣ ಕೊಕ್ಕೆಯಂಥ ಮಡಿಕೆ ಕಂಡರೆ ಅದು ಗಂಟಿನಿಂದ ಜಾರಿ ಬಂದದ್ದು. ಉದ್ದ ಕಡಿಮೆ ಇದ್ದು ಎರಡೂ ತುದಿ ನೇರವಾಗಿದ್ದರೆ ಅದು ನಡುವೆ ತುಂಡಾದದ್ದು, ಬಾಚುವ ಒತ್ತಡ ಹೆಚ್ಚಾಗಿದೆ ಅಥವಾ ತುದಿ ಒಣಗಿದೆ ಎಂದರ್ಥ. ಒಂದಿಷ್ಟು ಉದುರುವುದು ಸಹಜ. ಒಂದೇ ಕಡೆಯಿಂದ ಮತ್ತೆ ಮತ್ತೆ ಜಾರಿಬರುತ್ತಿದ್ದರೆ ಆ ಜಾಗಕ್ಕೆ ಒಳಬದಿಯಿಂದ ಗಂಟು ಭದ್ರಪಡಿಸುವ ಸೀಲರ್ ಸಿಂಪಡಿಸಬಹುದು. ವಿಗ್ಗನ್ನು ತಿರುವಿಹಾಕಿ, ಬಲೆ ಒಣಗಿರುವಾಗ ಸಿಂಪಡಿಸಿ, ಪೂರ್ತಿ ಆರಿದ ಮೇಲೆ ತಿರುಗಿಸಬೇಕು. ಬೋಳಾದ ಜಾಗ ಕಾಣಿಸಿಕೊಂಡರೆ ವಿಗ್ ಮಾಡುವವರು ಕೊಕ್ಕೆಸೂಜಿಯಿಂದ ಅಲ್ಲಿಗೆ ಮತ್ತೆ ಕೂದಲು ಗಂಟು ಹಾಕಿಕೊಡುತ್ತಾರೆ, ಅದಕ್ಕಾಗಿ ಇಡೀ ವಿಗ್ ಬಿಸಾಡಬೇಕಾಗಿಲ್ಲ.

ಬಣ್ಣವನ್ನು ಈಗಲೇ ಹಾಕಬೇಡಿ. ತುದಿ ಹಳೆಯದಾದ್ದರಿಂದ ಬಣ್ಣವನ್ನು ಬೇಗ ಬಿಡುತ್ತದೆ, ಹಾಕಿದಾಗ ಬುಡಕ್ಕಿಂತ ಬೇಗ ಹೀರಿ ಕಪ್ಪು ಕಪ್ಪಾಗಿಯೂ ಬಿಡುತ್ತದೆ. ಹಾಕಲೇಬೇಕೆಂದಾದಾಗ ಅಮೋನಿಯ ಇಲ್ಲದ, ಅಲ್ಪಕಾಲ ನಿಲ್ಲುವ ಬಣ್ಣವನ್ನು ತಂದು, ಒಳಗಿನ ಪದರದ ಒಂದು ಸಣ್ಣ ಕಂತೆಯ ಮೇಲೆ ಪರೀಕ್ಷಿಸಿ, ಒಣಗಿದ ಮೇಲೆ ಹಗಲ ಬೆಳಕಿನಲ್ಲಿ ನೋಡಿ ಮುಂದುವರಿಯಿರಿ. ಲೇಸಿನಿಂದ ಎರಡು ಅಂಗುಲ ದೂರವೇ ನಿಲ್ಲಿಸಬೇಕು, ಬಲೆಗೆ ತಗುಲಿದ ಬಣ್ಣ ತೆಗೆಯಲು ಬರುವುದಿಲ್ಲ. ಕೂದಲಿನ ಇಸ್ತ್ರಿ ಯಂತ್ರದಿಂದ (ಹೇರ್ ಸ್ಟ್ರೇಟ್ನರ್) ನೇರ ಮಾಡುವುದಾದರೆ 150 ಡಿಗ್ರಿ ಸೆಲ್ಸಿಯಸ್ ದಾಟಿಸಬೇಡಿ. ಒದ್ದೆ ಕೂದಲಿಗೆ ಬಿಸಿ ಇಸ್ತ್ರಿ ತಾಗಿಸಿದರೆ ಒಳಗಿನ ನೀರು ಆವಿಯಾಗಿ ಕೂದಲಿನ ನಡುವೆ ಗುಳ್ಳೆ ಎದ್ದು ಅಲ್ಲಿಯೇ ಮುರಿಯುತ್ತದೆ. ಕುಕ್ಕರಿನ ಆವಿ, ಗ್ಯಾಸ್ ಒಲೆಯ ಉರಿಗೂ ಇದೇ ಎಚ್ಚರಿಕೆ ಬೇಕು, ಅಡುಗೆಮನೆಯಲ್ಲಿ ಹತ್ತಿಯ ಟೋಪಿಯೊಂದೇ ಸಾಕು.

ತುಂಗಾತೀರ (ಬೆಂಗಳೂರು)

ನೋಡಿದೆ ಸರ್, ಬಹುಪಾಲು ಗಿಡ್ಡ ತುಂಡುಗಳೇ ಇವೆ, ಕೊಕ್ಕೆ ಇರುವುದು ಒಂದೆರಡು ಮಾತ್ರ. ಇನ್ನು ಮುಂದೆ ಅಮ್ಮನ ಕೈಯಲ್ಲೇ ಬಾಚಿಸುತ್ತೇನೆ. ಕೊನೆಯ ಪ್ರಶ್ನೆ: ಅವರ ಕೂದಲು ಮತ್ತೆ ಬಂದ ಮೇಲೆ ಈ ವಿಗ್ಗನ್ನು ಅಗತ್ಯವಿರುವ ಬೇರೆಯವರಿಗೆ ಕೊಡಬೇಕೆಂಬುದು ಅಮ್ಮನ ಆಸೆ. ಅಲ್ಲಿಯವರೆಗೆ ಹೇಗೆ ಇಡಬೇಕು, ಕೊಡುವ ಮೊದಲು ಏನು ಮಾಡಬೇಕು?

ಆರೈಕೆ (ಹುಬ್ಬಳ್ಳಿ)

ತಾಯಿಯವರ ಮನಸ್ಸು ದೊಡ್ಡದು. ಆದರೆ ಅವಸರ ಮಾಡಬೇಡಿ. ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಕೂದಲು ಮೊಳೆಯಲು ಶುರುವಾದರೂ ತಿಂಗಳಿಗೆ ಸೆಂಟಿಮೀಟರಿನಷ್ಟೇ ಬೆಳೆಯುವುದರಿಂದ, ಅವರಿಗೆ ಒಪ್ಪುವಷ್ಟು ಉದ್ದವಾಗಲು ಇನ್ನೂ ಹಲವು ತಿಂಗಳು ವಿಗ್ ಬೇಕಾಗುತ್ತದೆ.

ಇಡುವಾಗ ಧೂಳು ಬೀಳದಂತೆ ಹತ್ತಿ ಅಥವಾ ರೇಷ್ಮೆಯ ಚೀಲದಲ್ಲಿ, ಕೂದಲು ಮಡಚದಂತೆ ಇಡಿ. ಉಣ್ಣೆ ಬಟ್ಟೆ ತಿನ್ನುವ ಹುಳುಗಳು ಕೂದಲನ್ನೂ ತಿನ್ನುತ್ತವೆ, ಆದ್ದರಿಂದ ಬೆವರಿನ ಕೊಳೆ ಇರುವಾಗ ಎತ್ತಿಡಬಾರದು. ತೊಳೆದು ಒಣಗಿಸಿಯೇ ಇಡಬೇಕು. ನುಸಿಗುಳಿಗೆಯ ಬದಲು ಸಿಲಿಕಾ ಜೆಲ್ಲಿನ ಸಣ್ಣ ಪೊಟ್ಟಣ ಹಾಕಿ, ಏಕೆಂದರೆ ಆ ಗುಳಿಗೆಯ ವಾಸನೆ ಕೂದಲಿಗೆ ಹಿಡಿದರೆ ರೋಗಿಗಳಿಗೆ ತಡೆಯಲಾಗದು. ನಡುವೆ ತಿಂಗಳಿಗೊಮ್ಮೆ ತೆಗೆದು ಫ್ಯಾನಿನ ಗಾಳಿಗೆ ಇಡಿ.

ಕೊಡುವ ಮೊದಲು ನೀವು ಚಿಕಿತ್ಸೆ ಪಡೆಯುತ್ತಿರುವ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಿ, ಬಳಸಿದ ವಿಗ್ ಸ್ವೀಕರಿಸುತ್ತಾರೋ ಎಂಬುದನ್ನು ತಿಳಿದುಕೊಳ್ಳಿ. ಕೊನೆಯ ಬಾರಿ ಇದೇ ಕ್ರಮದಲ್ಲಿ ತೊಳೆದು, ಒಳಗಿನ ಹೊಲಿಗೆ ಬಿಟ್ಟಿದ್ದರೆ ಹಾಕಿಸಿ, ಹಿಂದಿನ ಪಟ್ಟಿಗಳನ್ನು ಪೂರ್ತಿ ಸಡಿಲಿಸಿ. ಬಲೆಯ ಒಳಸುತ್ತಳತೆಯನ್ನು ಟೇಪಿನಿಂದ ಅಳೆದು, ಕೂದಲಿನ ಉದ್ದದ ಜೊತೆ ಒಂದು ಚೀಟಿಯಲ್ಲಿ ಬರೆದಿಟ್ಟರೆ ಯಾರ ತಲೆಗೆ ಸರಿಹೋಗುತ್ತದೆ ಎಂದು ಅಲ್ಲಿಯವರು ಸುಲಭವಾಗಿ ಗುರುತಿಸುತ್ತಾರೆ. ನೀವು ಬಳಸಿದ ಶಾಂಪೂವಿನ ಹೆಸರನ್ನೂ, ಗಡಸು ನೀರು ಬಳಸಬಾರದೆಂಬುದನ್ನೂ ಅದೇ ಚೀಟಿಯಲ್ಲಿ ಕನ್ನಡದಲ್ಲಿ ಬರೆಯಿರಿ. ವಿಗ್ಗಿನ ಜೊತೆ ಬರುವ ಇಂಗ್ಲಿಷ್ ಸೂಚನೆಗಳನ್ನು ಓದಲಾರದ ಎಷ್ಟೋ ತಾಯಂದಿರು ನಮ್ಮ ವಾರ್ಡುಗಳಲ್ಲಿ ಇರುತ್ತಾರೆ.